ಗೇಟ್‌ಮನ್ ಮಗಳ ಒಂದು ವಾಕ್ಯ

ಮೊನ್ನೆ ಹುಣಸಗಿಯಿಂದ ಸುರಪುರಕ್ಕೆ ಹೋಗುವಾಗ ಬಸ್ಸಿನಲ್ಲಿ ಮುಂದಿನ ಸೀಟಿನವನ ಅಂಗಿಯಿಂದ ಗ್ರೀಸಿನ ವಾಸನೆ ಬಂತು. ಯಾವುದೋ ಗ್ಯಾರೇಜಿನವನಿರಬೇಕು, ಪಾಪ. ನಾನು ಮಾತ್ರ ಹೆದರಿ ಕಿಟಕಿಯ ಕಡೆ ಸರಿದೆ. ಇಷ್ಟು ವಯಸ್ಸಾದರೂ ಆ ವಾಸನೆಗೆ ನನ್ನ ಎದೆ ಡವಡವ ಎನ್ನುತ್ತದೆ.

ನಮ್ಮಪ್ಪ ಕಾಲುವೆಯ ಗೇಟ್‌ಮನ್. ಕಾಲುವೆಗೆ ನೀರು ಬಿಟ್ಟ ಹೊಸತು. ಮೇಲಿನವರು ಹೇಳಿದಾಗ ಗೇಟು ಎತ್ತುವುದು, ಹೇಳಿದಾಗ ಇಳಿಸುವುದು, ಅಷ್ಟೇ ಅವನ ಕೆಲಸ. ಗೇಟಿನ ತಿರುಪಿಗೆ ಹಚ್ಚುವ ಗ್ರೀಸಿನ ವಾಸನೆ ಅವನ ಅಂಗಿ ಬಿಟ್ಟು ಹೋಗುತ್ತಲೇ ಇರಲಿಲ್ಲ. ತುದಿಯ ಊರುಗಳಿಗೆ ನೀರು ಮುಟ್ಟದಿದ್ದರೆ ಬೈಗುಳ ಮಾತ್ರ ಅವನಿಗೇ. ಸುರಪುರದ ಹೈಸ್ಕೂಲಿನಲ್ಲಿ ನನ್ನ ತರಗತಿಯ ಅರ್ಧ ಮಕ್ಕಳು ಆ ತುದಿಯ ಊರಿನವರು. ನಾನು ಯಾರ ಮಗಳೆಂದು ಒಬ್ಬರಿಗೂ ಹೇಳಿರಲಿಲ್ಲ.

ಒಂದು ದಿನ ನನ್ನ ಬೆಂಚಿನ ಹುಡುಗಿ ಹೆಮ್ಮೆಯಿಂದ, "ನಿನ್ನಿ ನಮ್ಮಪ್ಪ, ಕಾಕಾ ಎಲ್ಲಾರೂ ಹೋಗಿ ಆ ಗೇಟ್‌ಮನ್‌ನ ಕೊಳ್ಳಪಟ್ಟಿ ಹಿಡದು ಜಗ್ಗ್ಯಾಡಿ ಬಂದಾರ. ಇನ್ನೊಮ್ಮಿ ನೀರು ಬರಲಿಲ್ಲಂದ್ರ ಕಾಲುವಿಗೇ ಒಗಿತಾರಂತ," ಎಂದಳು. ಹಿಂದಿನ ಸಂಜೆ ಅಪ್ಪ ಹರಿದ ಅಂಗಿಯಲ್ಲಿ ಮನೆಗೆ ಬಂದಿದ್ದ. ಜಾಲಿಮುಳ್ಳು ತಾಗಿತು ಎಂದಿದ್ದ...

ಅಷ್ಟರಲ್ಲಿ ಇಂಗ್ಲಿಷ್ ಸರ್ ಬಂದರು. ಎತ್ತರದ ಆಳು, ದನಿ ದೊಡ್ಡದು. ಒಬ್ಬರನ್ನು ಹೆಸರಿಸಿದ ಕೂಡಲೇ ಅವರು ಯಾರೆಂಬುದನ್ನು ಪಕ್ಕದಲ್ಲೇ, ಎರಡು ಕಾಮಾಗಳ ನಡುವೆ ಹೇಳುವುದಕ್ಕೆ ಅಪಾಸಿಟಿವ್ ಅನ್ನುತ್ತಾರೆಂದು ವಿವರಿಸಿದರು. ಆಮೇಲೆ ಶುರುವಾಯಿತು ನೋಡಿ ನನ್ನ ಗ್ರಹಚಾರ. ಪ್ರತಿಯೊಬ್ಬರೂ ಎದ್ದು ತಮ್ಮ ಅಪ್ಪನ ಮೇಲೆ ಅಂಥದೊಂದು ವಾಕ್ಯ ಹೇಳಬೇಕಂತೆ. "ಮೈ ಫಾದರ್, ಎ ಟೈಲರ್, ಸಿಂಗ್ಸ್ ವೆಲ್," ಎಂದನೊಬ್ಬ. ಸರದಿ ಹತ್ತಿರ ಬಂದಂತೆ ಫಾರ್ಮರ್ ಎಂದುಬಿಡೋಣವೆಂದುಕೊಂಡೆ. ಆದರೆ ಅಪ್ಪನ ಕೆಲಸ ಕೇಳಿ ಬರೆದುಕೊಂಡು ನನ್ನನ್ನು ಶಾಲೆಗೆ ಸೇರಿಸಿಕೊಂಡವರೇ ಆ ಸರ್. ಎಲ್ಲರೆದುರು ತಿದ್ದಿಬಿಟ್ಟರೆ?

"ಮೈ ಫಾದರ್, ಎ ಗೇಟ್‌ಮನ್..."

ಅಷ್ಟಕ್ಕೇ ಪಕ್ಕದವಳು ಬೆಂಚಿನ ತುದಿಗೆ ಸರಿದಳು. ಹಿಂದಿನಿಂದ ಒಬ್ಬ, "ಇವರಪ್ಪನೇ ನೋಡ್ರಿ ಸರ್ ನಮ್ಮ ನೀರು ತಡದಾಂವ!" ಎಂದು ಕೂಗಿದ.

"ನನ್ನ ಹೊಲಾನೂ ತುದೀಗೇ ಐತಿ," ಎಂದರು ಸರ್. "ಶೇಂಗಾ ಎಲ್ಲಾ ಒಣಗೇತಿ. ಹಂಗಂತ ಈ ಹುಡುಗಿ ಮ್ಯಾಲ ಯಾಕ ಹರಿಹಾಯ್ತೀರಿ?" ಆಮೇಲೆ ನನ್ನತ್ತ ತಿರುಗಿ, "ವಾಕ್ಯ ಅರ್ಧ ಆಗೇತಿ. ಮುಗಸವಾ," ಎಂದರು.

"ಕಮ್ಸ್ ಹೋಮ್ ಲೇಟ್," ಎಂದೆ. ಇವತ್ತು ಬರುತ್ತಾನೋ ಇಲ್ಲವೋ ಎಂಬ ಭಯಕ್ಕೆ ನನ್ನಲ್ಲಿ ಇಂಗ್ಲಿಷ್ ಇರಲಿಲ್ಲ.

ಅಂದು ಸರ್ ನನ್ನ ಜೊತೆ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬಂದರು. ಆ ವರ್ಷ ಪೂರ್ತಿ ಬಂದರು. ಆದರೂ ದಾರಿಯುದ್ದಕ್ಕೂ ನನಗೆ ಇನ್ನೊಂದು ಹೆದರಿಕೆ. ತಮ್ಮ ಹೊಲಕ್ಕೆ ಒಂಚೂರು ನೀರು ಬಿಡಲು ಅಪ್ಪನಿಗೆ ಹೇಳೆಂದು ಇವತ್ತು ಕೇಳಿಯೇ ಬಿಡುತ್ತಾರೆ ಎಂದುಕೊಳ್ಳುತ್ತಿದ್ದೆ. ಕೇಳಿದ್ದರೆ ಅಪ್ಪ ಇಲ್ಲ ಎನ್ನುತ್ತಿರಲಿಲ್ಲ, ಅವನ ನೌಕರಿ ಹೋಗುತ್ತಿತ್ತು.

ಮೊನ್ನೆ ನಾನು ಬಸ್ಸು ಹತ್ತಿದ್ದು ಸರ್ ಮನೆಗೇ. ಅವರು ತೀರಿಕೊಂಡ ಸುದ್ದಿ ತಿಳಿಯುವಷ್ಟರಲ್ಲಿ ಮಣ್ಣಾಗಿತ್ತು. ಹಳೆಯ ವಿದ್ಯಾರ್ಥಿನಿ ಎಂದಷ್ಟೇ ಹೇಳಿ ಅವರ ಹೆಂಡತಿಯ ಎದುರು ಕೂತೆ. ಮಾತಿಗೆ ಮಾತು ಬಂದು ಅವರೇ ಅಂದರು, "ಆ ವರ್ಷ ಹೊಲದಿಂದ ಒಂದು ಕಾಳೂ ಮನಿಗೆ ಬರಲಿಲ್ಲವಾ. ಗೇಟ್‌ಮನ್ ಮಗಳು ನಿಮ್ಮ ಸಾಲಿಯಾಗೇ ಅದಾಳಲ್ರಿ, ಒಂದು ಮಾತು ಹೇಳಿ ಕಳಸ್ರಿ ಅಂತ ಎಷ್ಟು ಬಡಕೊಂಡೆ. ಆಕಿ ಮೊದಲೇ ಹೆದರ್ಯಾಳ, ನಾ ಕೇಳಾಂವಲ್ಲ ಅಂದ್ರು."

"ಆಕಿ ನಾನೇರಿ ಅಮ್ಮಾರ," ಎಂದೆ.

ಅವರು ನನ್ನ ಪಕ್ಕಕ್ಕೆ ಸರಿದು ಕೂತರು. "ಈಗರೆ ಹೆದರಿಕಿ ಹೋಗೇತೇನವಾ?" ಎಂದರು.

"ಇಲ್ರಿ," ಎಂದು ಅತ್ತುಬಿಟ್ಟೆ.