ಕಪ್ಪು ಕೊಕ್ಕೆಗೆ ಹಳದಿ ಪುಡಿ

ಕಬ್ಬಿನ ಹೊರೆ ಎತ್ತುವ ಕ್ರೇನಿನ ಕೊಕ್ಕೆಯಲ್ಲಿ ಬಿರುಕಿದೆಯೇ ಎಂದು ನೋಡಲು ಕರಜಗಿ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ಹೋಗಿದ್ದೆ. ಕೊಕ್ಕೆಗೆ ಅಯಸ್ಕಾಂತ ಹಿಡಿದು ಕಬ್ಬಿಣದ ಸಣ್ಣ ಪುಡಿ ಉದುರಿಸಿದರೆ, ಬಿರುಕಿದ್ದಲ್ಲಿ ಪುಡಿ ಗೆರೆಯಾಗಿ ಕೂರುತ್ತದೆ. ಆ ಗೆರೆ ಕಣ್ಣಿಗೆ ಬೀಳಬೇಕಾದರೆ ಪುಡಿಯ ಬಣ್ಣ ಲೋಹದ ಬಣ್ಣಕ್ಕಿಂತ ಬೇರೆ ಇರಬೇಕು, ಅಷ್ಟೇ. ಕೊಕ್ಕೆ ಇದ್ದಿಲಿನಷ್ಟು ಕಪ್ಪಗಿತ್ತು. ಮ್ಯಾನೇಜರು ತಂದುಕೊಟ್ಟದ್ದು ಕಪ್ಪು ಪುಡಿ.

“ಇದರಾಗ ಏನೂ ಕಾಣೂದಿಲ್ಲರಿ,” ಎಂದೆ.

“ಹೌದ್ರಿ, ಹೋದ ವರ್ಷನೂ ಏನೂ ಕಾಣಲಿಲ್ಲ. ಭಾಳ ಚಲೋ ಪುಡಿ.”

ಹೋದ ವರ್ಷ ಅದನ್ನೇ ಉದುರಿಸಿ ಸಹಿ ಹಾಕಿ ಹೋದವನ ಮೇಲೂ ಸಿಟ್ಟು ಬಂತು. ನನ್ನ ಚೀಲದಿಂದ ಹಳದಿ ಪುಡಿ ತೆಗೆದು ಉದುರಿಸಿದೆ. ಕೊಕ್ಕೆಯ ಬಾಗಿನಲ್ಲಿ ಬೆರಳುದ್ದದ ಹಳದಿ ಗೆರೆ ಮೂಡಿತು.

“ನೋಡ್ರಿ, ನೀವು ಬರೂತನಕ ಕೊಕ್ಕೆ ಚಲೋ ಇತ್ತು,” ಎಂದರು ಮ್ಯಾನೇಜರು. “ಕಪ್ಪು ಪುಡಿಯೊಳಗ ಬಿರುಕು ಕಾಣಲಿಲ್ಲ ಅಂತ ಬರೀರಿ. ಅದೇನು ಸುಳ್ಳಲ್ಲಲ್ಲ?”

ಆ ಕೊಕ್ಕೆಯ ಕೆಳಗೆ ದಿನವಿಡೀ ನಿಂತು ಹೊರೆಗೆ ಸರಪಳಿ ಬಿಗಿಯುವ ರಹಿಮಾನಸಾಬ ಪಕ್ಕದಲ್ಲೇ ಇದ್ದ. “ಹಂಗಾದ್ರ ಸಾಹೇಬ್ರ, ಅವ್ರು ಬರದು ಮುಗಿಸೂತನಕ ನನ್ನ ಜಾಗಾದಾಗ ನೀವ ನಿಂದರ್ರಿ. ಹೊರಿ ನಾ ಎತ್ತಸ್ತೇನಿ,” ಎಂದ.

ಮ್ಯಾನೇಜರು ನಿಲ್ಲಲಿಲ್ಲ. ಅಂದೇ ಮಧ್ಯಾಹ್ನ ಕೊಕ್ಕೆ ಇಳಿಸಿದರು. ಹೊಸದನ್ನು ತರಿಸುವ ಅರ್ಜಿಯಲ್ಲಿ ‘ಕಾರಣ’ ಎಂಬುದರ ಮುಂದೆ ಅವರು ಬರೆದದ್ದನ್ನು ನಾನೇ ಓದಿದೆ: “ತಪಾಸಣೆಗೆ ಬಂದವರು ಹಳದಿ ಪುಡಿ ಬಳಸಿದ್ದರಿಂದ.”