ಸೋಮವಾರ ಹೂಡದ ಸರ್ವರ್

ರುದ್ರಪ್ಪ ಕಾಕಾ ಸೋಮವಾರ ಕಚೇರಿಗೆ ಬಂದು ಮಾಡುತ್ತಿದ್ದ ಒಂದೇ ಕೆಲಸವೆಂದರೆ, ಹೆಗಲ ಮೇಲಿನ ಟವೆಲ್ಲನ್ನು ಕೀಬೋರ್ಡಿಗೆ ಹೊದಿಸುವುದು. "ಸೋಮವಾರ ಎತ್ತು ಹೂಡಂಗಿಲ್ಲ. ಸರ್ವರ್ ಸೈತ ದುಡಿಯೂ ಜೀವಾನ ಅಲ್ಲೇನು?" ಎನ್ನುತ್ತಿದ್ದರು. ಆ ಜೀವ ಇದ್ದದ್ದು ಯಾವುದೋ ದೂರದ ಊರಿನ ಕಟ್ಟಡದಲ್ಲಿ. ತನಗೆ ಸಿಕ್ಕ ಈ ಮರ್ಯಾದೆಯ ಸುದ್ದಿ ಅದಕ್ಕೆ ತಲುಪಿರಲಿಲ್ಲ.

ಬೈಲಹೊಂಗಲದ ಬಜಾರಿನಲ್ಲಿ, ಅರಿವೆ ಅಂಗಡಿಯ ಮೇಲೆ ನಮ್ಮ ಕಚೇರಿ. ರೈತರು ಮೊಬೈಲಿನಲ್ಲೇ, ಕೊಯ್ದ ಬೆಳೆ ಒಕ್ಕುವ ರಾಶಿ ಯಂತ್ರ ಕಾಯ್ದಿರಿಸುವ ಜಾಲತಾಣ ನಡೆಸುತ್ತಿದ್ದೆವು. ಬಂದವರನ್ನು ಬಾಗಿಲಲ್ಲೇ ವಿಚಾರಿಸಿ ಒಳಗಿನ ಸರ್ವರಿಗೆ ಕಳಿಸುವ ರಿವರ್ಸ್ ಪ್ರಾಕ್ಸಿ ಮಾತ್ರ ಕಾಕಾರ ಸ್ವಂತ ಆಸ್ತಿ. ವಾರದ ಉಳಿದ ದಿನ ಅದಕ್ಕೆ ಉಸಿರಾಡಲು ಬಿಡುತ್ತಿರಲಿಲ್ಲ. ಹೊಸ ಪ್ರೋಟೋಕಾಲ್ ಬಂತೆಂದು ಎಲ್ಲೋ ಓದಿದರೆ ಚಹಾ ಆರುವುದರೊಳಗೆ ನಮ್ಮಲ್ಲಿ ಹಾಕಿಬಿಡುತ್ತಿದ್ದರು. ಅದು ಬೇಕೋ ಬೇಡವೋ ಎಂದು ಕೇಳಿದವನು ಹಿಂದುಳಿದವ.

ಒಮ್ಮೆ ಸೋಯಾ ಸುಗ್ಗಿಯಲ್ಲಿ, ಭಾನುವಾರ ಸಂಜೆ, ಫೋನಿಗೂ ಸರ್ವರಿಗೂ ನಡುವಿನ ಮಾತನ್ನು ಗುಟ್ಟಾಗಿಡುವ ಹಳೆಯ ಟಿಎಲ್‌ಎಸ್ ಆವೃತ್ತಿಗಳನ್ನೆಲ್ಲ ಕಿತ್ತು ತೀರ ಹೊಸದೊಂದನ್ನೇ ಉಳಿಸಿ ಮನೆಗೆ ಹೋದರು. ಭದ್ರತೆ ಎಷ್ಟು ಬಿಗಿಯಾಯಿತೆಂದರೆ, ಹಳೆಯ ಫೋನಿನ ರೈತರಿಗೆ ಬಾಗಿಲೇ ತೆರೆಯಲಿಲ್ಲ. ಕಳ್ಳರೂ ಬರಲಿಲ್ಲ, ಗಿರಾಕಿಗಳೂ ಬರಲಿಲ್ಲ. ಮರುದಿನ ಸೋಮವಾರ. ಕಚೇರಿಯ ಫೋನು ಒಂದೇ ಸಮ ಬಡಿದುಕೊಳ್ಳುತ್ತಿದ್ದರೂ ಕಾಕಾ ಟವೆಲ್ ಕಾಯುತ್ತ ಕುಳಿತಿದ್ದರು.

"ನಾಳೆ ನಸಿಕಿನ್ಯಾಗ ಮಾಡತೇನಿ, ತಮ್ಮಾ."

ಮಧ್ಯಾಹ್ನ ನೇಸರಗಿಯಿಂದ ಗಂಗವ್ವ ಎಂಬ ರೈತ ಹೆಣ್ಣುಮಗಳು ಬಸ್ಸು ಹಿಡಿದು ಬಂದರು. ಕೊಯ್ದ ಸೋಯಾ ಹೊಲದಲ್ಲೇ ಬಿದ್ದಿತ್ತು, ಮೋಡ ಕವಿದಿತ್ತು. ತಮ್ಮ ಫೋನನ್ನು ಟವೆಲ್ಲಿನ ಮೇಲಿಟ್ಟು, "ಯಣ್ಣಾ, ಎತ್ತಿಗೆ ಸೂಟಿ ಖರೆ. ಮಳಿಗೂ ಸೂಟಿ ಐತೇನ್ರಿ?" ಎಂದರು.

ಕಾಕಾ ಕಿಟಕಿಯಿಂದ ಮೋಡ ನೋಡಿದರು. ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ಹಳೆಯ ಆವೃತ್ತಿಯೊಂದನ್ನು ಮತ್ತೆ ಸೇರಿಸಿದರು. ಗಂಗವ್ವನಿಗೆ ಯಂತ್ರ ನಿಗದಿಯಾಯಿತು. ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಕಾಕಾ ಮಂಗಳವಾರವೂ ಸರ್ವರಿಗೆ ಸೂಟಿ ಕೊಟ್ಟರು.

ಹೋದ ವರ್ಷ ಕಾಕಾ ಕಾಯಿಲೆ ಬಿದ್ದು ಸಿರಸಂಗಿಯ ಮಗಳ ಮನೆ ಸೇರಿದರು. ಹೊಲದಲ್ಲಿ ಸಿಗ್ನಲ್ ಹೋಗಿಬಂದರೂ ಸಂಪರ್ಕ ಕಡಿಯಬಾರದೆಂದು ನಾನು ಎಚ್‌ಟಿಟಿಪಿ ಮೂರು ಎಂಬ ಹೊಸ ಪ್ರೋಟೋಕಾಲ್ ಹಾಕಿದೆ. ಹಾಕಿದ್ದಷ್ಟೇ ಬಂತು, ಯಾವ ಫೋನೂ ಅದನ್ನು ಬಳಸಲಿಲ್ಲ, ಹೊಸ ಫೋನು ಕೊಂಡಿದ್ದ ಗಂಗವ್ವನ ಬುಕ್ಕಿಂಗು ಮೊದಲಿನಂತೆಯೇ ಅರ್ಧಕ್ಕೆ ನಿಲ್ಲುತ್ತಿತ್ತು. ಮತ್ತೆ ಸುಗ್ಗಿ, ಮತ್ತೆ ಮೋಡ. ನನ್ನ ಜಾಣತನ ಮುಗಿದು ಸೋಮವಾರವೇ ಸಿರಸಂಗಿಗೆ ಹೊರಟೆ.

ಕಾಕಾ ಹಾಸಿಗೆಯಲ್ಲಿ ಅರ್ಧವಾಗಿದ್ದರು. ಹೊಸ ಪ್ರೋಟೋಕಾಲಿನ ಪಾಡು ಹೇಳುತ್ತಲೇ ಕೇಳಿದರು, "ಇವತ್ತ ಯಾವ ವಾರ?"

"ಮಂಗಳವಾರರಿ," ಎಂದೆ.

ಕಿಟಕಿಯಾಚೆ ಅಳಿಯನ ಎತ್ತುಗಳು ನೊಗವಿಲ್ಲದೆ ಮೆಲುಕು ಹಾಕುತ್ತ ಮಲಗಿದ್ದವು. ಕಾಕಾ ಅವುಗಳನ್ನು ನೋಡಿದರು, ನನ್ನನ್ನೂ ನೋಡಿದರು.

"ಹೂಂ, ಮಂಗಳವಾರ. ಫೈರ್‌ವಾಲ್‌ನ್ಯಾಗ ಯುಡಿಪಿ ದಾರಿ ತಗದಿಯೇನು? ನೀ ಹಾಕಿದ್ದು ಆ ದಾರೀಲೇ ಬರತೈತಿ. ಬಾಗಲಾ ಹಾಕ್ಕೊಂಡು ಬೀಗರನ್ನ ಕರೀಬ್ಯಾಡೋ."

ತೆರೆದಿರಲಿಲ್ಲ. ಅಲ್ಲೇ ಕುಳಿತು ಲ್ಯಾಪ್‌ಟಾಪಿನಿಂದ ತೆರೆದೆ. ಸ್ವಲ್ಪ ಹೊತ್ತಿಗೆ ಗಂಗವ್ವ ಹೊಲದಿಂದಲೇ ಫೋನ್ ಮಾಡಿ ಯಂತ್ರ ಸಿಕ್ಕಿತೆಂದರು. ಕಾಕಾ ಆಗಲೇ ನಿದ್ದೆ ಹೋಗಿದ್ದರು.

ಅವರು ತೀರಿಕೊಂಡ ಮೇಲೆ ಸೋಮವಾರ ನಾನೂ ಸರ್ವರ್ ಮುಟ್ಟುವುದಿಲ್ಲ. ಮುಟ್ಟಲೇಬೇಕಾದರೆ, ಇವತ್ತು ಮಂಗಳವಾರ ಎಂದು ಗಟ್ಟಿಯಾಗಿ ಹೇಳಿಯೇ ಕೂರುತ್ತೇನೆ. ಸುಳ್ಳೆಂದು ಗೊತ್ತಿದ್ದೂ ಹೂಂ ಎನ್ನುವವರು ಈಗ ಇಲ್ಲ.