ಒಬ್ಬಳೇ ಹೋಗಿ ಒಬ್ಬಳೇ ಬಂದವಳು

ನಾನು ಒಬ್ಬಳೇ ವಿಯೆಟ್ನಾಂ ಸುತ್ತಿ ಬಂದೆ ಎಂಬುದು ಪೂರ್ತಿ ನಿಜವಲ್ಲ. ಕೊಣನೂರಿನ ನನ್ನ ಸೋದರತ್ತೆಯನ್ನು ಕೇಳಿದರೆ ಬೇರೆಯೇ ಕಥೆ. ಚನ್ನರಾಯಪಟ್ಟಣದ ಗೃಹಪ್ರವೇಶವಿರಲಿ, ದುದ್ದದ ನಾಮಕರಣವಿರಲಿ, ಎಲೆ ಹಾಕುವ ಮೊದಲೇ ಅತ್ತೆ ಶುರುಮಾಡುತ್ತಾಳೆ: "ನಮ್ಮಣ್ಣನ್ ಮಗ್ಳು ಬೆನ್ಮೇಲೊಂದ್ ಚೀಲ ಏರ್ಕಂಡು ಫಾರಿನ್‌ಗೆ ಒಬ್ಳೇ ಓದ್ಲು, ಒಬ್ಳೇ ಬಂದ್ಲು. ಒಂದ್ ಕೂದ್ಲೂ ಕೊಂಕ್ಲಿಲ್ಲ ಕಣ್ರವ್ವಾ!"

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮೊದಲ ವಾಕ್ಯದಲ್ಲೇ ತೂತು ಹುಡುಕಿ ಬೆಳೆದವಳು ನಾನು. ಈ 'ಒಬ್ಳೇ'ಗೆ ನನ್ನ ತಕರಾರಿದೆ. ಒಂಟಿ ಪ್ರವಾಸಿಗರೆಲ್ಲ 'ನನ್ನನ್ನು ನಾನು ಕಂಡುಕೊಂಡೆ' ಎಂದು ಬರೆಯುತ್ತಾರಲ್ಲ, ಅದಕ್ಕೂ ಇದೆ. ನಾನು ಅಲ್ಲಿ ಕಂಡದ್ದು ಹಾಸನದ ಬಸ್ ನಿಲ್ದಾಣವನ್ನು.

ಚಿಕ್ಕಂದಿನಲ್ಲಿ, ನಾವಿನ್ನೂ ಹಾಸನದಲ್ಲಿದ್ದಾಗ, ಬೇಸಿಗೆ ರಜೆಗಳಲ್ಲಿ ಅತ್ತೆ ನನ್ನನ್ನು ಹಾಸನದಿಂದ ಕೊಣನೂರಿಗೆ ಕರೆದೊಯ್ಯುತ್ತಿದ್ದಳು. ಬಸ್ಸು ನಿಲ್ಲುವ ಮೊದಲೇ ಅವಳ ಟವೆಲ್ಲು ಕಿಟಕಿಯೊಳಗೆ ಬಿದ್ದಿರುತ್ತಿತ್ತು. ಟವೆಲ್ ಇಲ್ಲದ ದಿನ ನಾನೇ ಟವೆಲ್ಲು. ಎತ್ತಿ ಕಿಟಕಿಯಿಂದ ತೂರಿಸಿಬಿಡುತ್ತಿದ್ದಳು. ಹಿಂದಿನ ರಾಜರು ಕುದುರೆ ಬಿಟ್ಟು, ಅದು ತುಳಿದ ನೆಲವೆಲ್ಲ ನಮ್ಮದು ಎನ್ನುತ್ತಿದ್ದರಂತೆ. ಅಷ್ಟೆಲ್ಲ ಖರ್ಚಿಲ್ಲದ ಅಶ್ವಮೇಧ ನಮ್ಮದು. ಆ ರೆಕ್ಸಿನ್ ಸೀಟಿನ ಕಾವು, ಬೆವರು, ಸೇವಂತಿಗೆ ಹೂವಿನ ವಾಸನೆ ಈಗಲೂ ಮೂಗಿನಲ್ಲಿದೆ.

ನನ್ನ ಪ್ರವಾಸದ ಮಾತೆದ್ದಾಗ ಹೊಳೆನರಸೀಪುರದ ನಮ್ಮ ಮನೆಯಲ್ಲಿ ಅಪ್ಪ ಒಪ್ಪಲಿಲ್ಲ. ನನ್ನ ಯಾವ ವಾದವೂ ನಡೆಯಲಿಲ್ಲ. ನಡೆದದ್ದು ಅತ್ತೆಯದು. "ಕಳ್ಸಣ್ಣ ಅತ್ಲಾಗೆ. ಏನಾರ ಎಚ್ಚುಕಮ್ಮಿ ಆದ್ರೆ ನನ್ ಕೇಳು."

"ನೀನ್ ಯಾವತ್ತು ಒಬ್ಳೇ ಆಸ್ನ ದಾಟಿದ್ದೀಯ, ಇವ್ಳಿಗೆ ವಕಾಲತ್ತು ಮಾಡಕೆ?" ಎಂದ ಅಪ್ಪ.

"ಅದು ಬ್ಯಾರೆ ಮಾತು ಬುಡು," ಎಂದು ಅತ್ತೆ ಸೆರಗು ಸರಿಮಾಡಿಕೊಂಡಳು. ಮೂರು ದಿನ ಅಲ್ಲೇ ಕೂತು ಅಪ್ಪನ ಬಾಯಿಂದ 'ಹೂಂ' ಹೊರಡಿಸಿಯೇ ಕೊಣನೂರಿನ ಬಸ್ಸು ಹತ್ತಿದಳು.

ಅಂಥವಳ ಮಾತನ್ನು ಹೊತ್ತು ಹೋದ ನಾನು ಐದನೆಯ ದಿನ, ಅಲ್ಲಿನ ಒಂದು ಸಣ್ಣ ಊರಿನ ನಿಲ್ದಾಣದಲ್ಲಿ, ನಿಂತಿದ್ದ ಬಸ್ಸಿನ ತೆರೆದ ಕಿಟಕಿ ಕಂಡದ್ದೇ ತಡ, ಕೈಚೀಲವನ್ನು ಒಳಗೆ ಹಾಕಿ ಸೀಟು ಹಿಡಿದೆ. ಪಾಸ್‌ಪೋರ್ಟು ಅದರೊಳಗೇ ಇತ್ತು. ಬಸ್ಸಿನಲ್ಲಿ ಇದ್ದವರು ನಾಲ್ಕೇ ಜನ. ಸೀಟು ಹಿಡಿಯುವ ಅಗತ್ಯವೇ ಇರಲಿಲ್ಲ. ಎಂಜಿನ್ ಗುರುಗುಟ್ಟುತ್ತಿತ್ತು, ಅಂದರೆ ನಮ್ಮೂರ ಲೆಕ್ಕದಲ್ಲಿ ಇನ್ನೂ ಕಾಲು ಗಂಟೆ ಇದೆ. ಹತ್ತಲೆಂದು, ಅಭ್ಯಾಸದಂತೆ, ನಿಧಾನವಾಗಿ ಬಸ್ಸಿನ ಎಡಗಡೆಗೆ ಹೋದೆ. ಬಾಗಿಲೇ ಇಲ್ಲ! ಆ ದೇಶದಲ್ಲಿ ಬಸ್ಸಿನ ಬಾಗಿಲು ಬಲಕ್ಕೆ. ನಾನು ಸುತ್ತಿ ಬರುವಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು.

ಇಂಗ್ಲಿಷಿನಲ್ಲಿ ಬಹುಮಾನ ಗೆದ್ದ ಬಾಯಿಂದ ಹೊರಟದ್ದು, "ಓಯ್ತು ಕಣಕ್ಕಾ, ನನ್ ಬ್ಯಾಗು ಓಯ್ತು!" ಕಬ್ಬಿನ ಹಾಲು ಮಾರುತ್ತಿದ್ದ ಹೆಂಗಸು ನನ್ನನ್ನು ನೋಡಿದಳು, ಬಸ್ಸನ್ನು ನೋಡಿದಳು. ಅಂಗಡಿಯನ್ನು ಹಾಗೇ ಬಿಟ್ಟು ಸ್ಕೂಟರ್ ತೆಗೆದಳು. ದಾರಿಯುದ್ದಕ್ಕೂ ಅವಳು ಅವಳ ಭಾಷೆಯಲ್ಲಿ ಬೈದಳು, ನಾನು ನನ್ನ ಭಾಷೆಯಲ್ಲಿ ಬೈಸಿಕೊಂಡೆ. ನನ್ನ ತಲೆಯಲ್ಲಿದ್ದದ್ದು ಒಂದೇ: ಅತ್ತೆ ಇನ್ನು ಅಪ್ಪನೆದುರು ಹೇಗೆ ತಲೆಯೆತ್ತುತ್ತಾಳೆ?

ಮೂರನೆಯ ನಿಲ್ದಾಣದಲ್ಲಿ ಬಸ್ಸು ಸಿಕ್ಕಿತು. ಕಂಡಕ್ಟರ್ ಚೀಲವನ್ನು ಕಿಟಕಿಯಿಂದಲೇ ಕೊಟ್ಟ. ಆಕೆ ನನ್ನ ತಲೆಗೊಂದು ಮೊಟಕಿ, ಬಾಗಿಲು ಎಲ್ಲಿದೆಯೆಂದು ಬೆರಳು ಮಾಡಿ ತೋರಿಸಿ, ಹೊರಟೇಹೋದಳು. ಹೆಸರನ್ನೂ ಕೇಳಲಿಲ್ಲ ನಾನು.

ಇಷ್ಟನ್ನೂ ಅತ್ತೆಗೆ ಹೇಳಿದ್ದು ಎರಡು ವರ್ಷವಾದ ಮೇಲೆ, ಮೊನ್ನೆ, ಅವಳ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಹಂಗಾದ್ರೆ ನಾನು ಒಬ್ಳೇ ಹೋಗಿದ್ದೆ ಅನ್ನೋದು ಸುಳ್ಳು ತಾನೆ?" ಎಂದು ನನ್ನ ವಾದ ಮಂಡಿಸಿದೆ.

"ನಾನ್ ಏಳೋದ್ ಅಂಗೇ ಏಳ್ತೀನಿ. ಮಧ್ಯಕ್ಕೆ ಬಾಯಾಕಿದ್ರೆ ನೋಡು! ನಿಮ್ಮಪ್ಪನ್ ಮುಂದೆ ನನ್ ಮಾತು ಉಳೀತಲ್ಲ, ಅಷ್ಟೇಯ."

ಎದುರಾಳಿಗೆ ಉತ್ತರ ಸಿಗದ ಪ್ರಶ್ನೆ ಕೇಳುವುದು ನನಗೆ ಅಭ್ಯಾಸ. ಆದರೆ ಆಮೇಲಿನ ಈ ಪ್ರಶ್ನೆಯನ್ನು ಉತ್ತರ ಬೇಕೆಂದೇ ಕೇಳಿದೆ:

"ಅತ್ತೆ, ನೀನು ನನ್ನ ವಯಸ್ಸಲ್ಲಿದ್ದಾಗ ಎಲ್ಲಿಗೆ ಹೋಗ್ಬೇಕು ಅಂತಿದ್ದೆ?"